ಹಣ ಬಂತೆಂಬ ಸುದ್ದಿ

ಹೊಂಬಾಳೆ ಒಡೆದ ಮೇಲೆ ತೆಂಗಿನಕಾಯಿ ಬಲಿಯುವುದಕ್ಕೆ ಸುಮಾರು ಒಂದು ವರ್ಷ ಬೇಕು. ಬಲಿತ ಕಾಯಿಯನ್ನು ಕಿತ್ತು ಅಟ್ಟಕ್ಕೆ ಹಾಕಿದರೆ, ಒಳಗಿನ ನೀರು ಇಂಗಿ, ತಿರುಳು ಕರಟವನ್ನು ಬಿಟ್ಟು, ಅಲ್ಲಾಡಿಸಿದಾಗ ಸದ್ದು ಮಾಡುವ ಗಿಟುಕಾಗುವುದಕ್ಕೆ ಮತ್ತೆ ಎಂಟು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ. ಹುಳಿಯಾರಿನ ಸುತ್ತಮುತ್ತಲ ರೈತನಾಗಲಿ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಇನ್ನಾವ ರೈತನಾಗಲಿ, ಉಂಡೆ ಕೊಬ್ಬರಿಯನ್ನು ಮಂಡಿಗೆ ತರುವ ಹೊತ್ತಿಗೆ ಹೆಚ್ಚುಕಡಿಮೆ ಎರಡು ವರ್ಷ ಕಾದಿರುತ್ತಾನೆ. ಆ ಎರಡು ವರ್ಷಗಳ ಫಲ ಈಗ ಒಂದು ಕ್ಷಣದಲ್ಲಿ ಅವನ ಅಂಗಿಯ ಜೇಬಿನೊಳಗೆ ‘ಟಿಣ್’ ಎಂದು ಸದ್ದು ಮಾಡುತ್ತದೆ. “ಗೌಡ್ರೇ, ದುಡ್ಡು ಹಾಕಿದೀವಿ, ಮೆಸೇಜ್ ಬಂತಾ ನೋಡಿ” ಎನ್ನುತ್ತಾನೆ ಮಂಡಿಯ ಗುಮಾಸ್ತ. ಗೌಡರು ಕನ್ನಡಕ ಹುಡುಕುತ್ತಾರೆ.

ಈ ಪ್ರಸಂಗದಲ್ಲಿ ನಾವು ಸಾಮಾನ್ಯವಾಗಿ ಗಮನಿಸದ ಸಂಗತಿಯೊಂದಿದೆ. ಗೌಡರ ಕೈಗೆ ಬಂದದ್ದು ಹಣವಲ್ಲ, ಹಣ ಬಂತೆಂಬ ಸುದ್ದಿ. ಸುದ್ದಿ ನಿಜವಾಗಿದ್ದರೆ ಹಣವೂ ಉಂಟು. ಸುದ್ದಿ ಸುಳ್ಳಾದರೆ, ತಡವಾದರೆ, ಅಥವಾ ಬೇರೊಬ್ಬರ ಹೆಸರಿಗೆ ಹೋದರೆ ಎರಡು ವರ್ಷದ ಬೆಳೆ ಏನಾಯಿತೆಂದು ವಿಚಾರಿಸುವುದಕ್ಕೆ ಯಾರ ಬಳಿ ಹೋಗಬೇಕು? ಸಾವಿರಾರು ಸಂದೇಶಗಳನ್ನು ಓದಿ ತಾಳೆ ಹಾಕುವ ಕೆಲಸಕ್ಕೆ ಈಗ ಯಂತ್ರಬುದ್ಧಿ, ಎಂದರೆ ಎಐ, ಬಂದಿದೆ. ನಮ್ಮ ಮಧ್ಯಮ ಗಾತ್ರದ ವ್ಯಾಪಾರಗಳು ಒಂದೊಂದಾಗಿ ಅದನ್ನು ತಮ್ಮ ಲೆಕ್ಕದ ಮೇಜಿಗೆ ಕರೆತರುತ್ತಿವೆ. ಈ ಹೊಸಬನ ಯೋಗ್ಯತೆಯನ್ನು ಅಳೆಯಬೇಕಾದರೆ ಇವನಿಗಿಂತ ಮುಂಚೆ ಇದೇ ಕೆಲಸ ಮಾಡಿದವರ ಕಥೆಯನ್ನು ಸ್ವಲ್ಪ ತಿಳಿದಿರುವುದು ಒಳ್ಳೆಯದು.

ಕಡತ ಮತ್ತು ಹುಂಡಿ

ನಮ್ಮ ನಾಡಿನ ಹಳೆಯ ಲೆಕ್ಕದ ಪುಸ್ತಕ ‘ಕಡತ’. ಬಟ್ಟೆಗೆ ಹುಣಿಸೆ ಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಬೀಸಣಿಗೆಯಂತೆ ಮಡಿಸಿ, ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು. ಕರ್ನಲ್ ಮಾರ್ಕ್ ವಿಲ್ಕ್ಸ್ 1810ರಲ್ಲಿ ಮೊದಲ ಸಂಪುಟವನ್ನು ಪ್ರಕಟಿಸಿದ ತನ್ನ ಮೈಸೂರು ಇತಿಹಾಸದಲ್ಲಿ ಈ ಕಡತವನ್ನು ವರ್ಣಿಸಿದ್ದಾನೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಅಳಿಸಿಹೋಗುವ ಬರಹ ಅದು. ಆದರೂ ಶಾನುಭೋಗರೂ ಸಾಹುಕಾರರೂ ಅದರಲ್ಲಿಯೇ ಲೆಕ್ಕ ಇಟ್ಟರು, ಜನ ಅದನ್ನೇ ನಂಬಿದರು. ಅಳಿಸಬಹುದಾದ ಬರಹವನ್ನು ಜನ ನಂಬಿದ್ದು ಬರೆದವನ ಮುಖ ನೋಡಿ. ಅವನು ಅದೇ ಊರಿನಲ್ಲಿ ಇರುತ್ತಿದ್ದ; ಅವನ ಮಗನೂ ಅಲ್ಲಿಯೇ ಇರಬೇಕಾಗಿತ್ತು.

ಊರಿನೊಳಗೆ ಮುಖ ಸಾಕು. ಆದರೆ ಸರಕು ನೂರಾರು ಹರಿದಾರಿ ಆಚೆ ಹೋಗುವಾಗ ಮುಖ ಕಾಣುವುದಿಲ್ಲ. ಅದಕ್ಕಾಗಿ ಹುಟ್ಟಿದ್ದು ಹುಂಡಿ. ಒಂದೂರಿನ ಸಾಹುಕಾರ ಇನ್ನೊಂದೂರಿನ ಸಾಹುಕಾರನಿಗೆ ‘ಈ ಕಾಗದ ತಂದವನಿಗೆ ಇಷ್ಟು ಕೊಡಿ’ ಎಂದು ಬರೆದ ಪತ್ರವೇ ಹುಂಡಿ. ಕಂಡೊಡನೆ ಕೊಡಬೇಕಾದದ್ದು ದರ್ಶನಿ ಹುಂಡಿ, ಅವಧಿ ಮುಗಿದ ಮೇಲೆ ಕೊಡಬೇಕಾದದ್ದು ಮುದ್ದತಿ ಹುಂಡಿ. ದಾರಿಯಲ್ಲಿ ಸರಕು ನಾಶವಾದರೆ ಹಣವನ್ನೇ ಕೊಡಬೇಕಾಗಿಲ್ಲವೆಂಬ ಜೋಖ್ಮಿ ಹುಂಡಿಯೂ ಇತ್ತು.

ಹುಂಡಿ ಬರೆಯುವ ರೀತಿಯಲ್ಲಿ ಒಂದು ಜಾಣತನವಿತ್ತು. ಸಾವಿರ ರೂಪಾಯಿಯ ಹುಂಡಿಯಾದರೆ ಅಂಕಿಯಲ್ಲಿ ಸಾವಿರ ಎಂದು ಬರೆದು, ‘ಅದರ ಅರ್ಧ ಐನೂರು, ಅದರ ಎರಡರಷ್ಟು’ ಎಂದು ಮತ್ತೊಮ್ಮೆ ಅಕ್ಷರದಲ್ಲಿ ಬರೆಯುತ್ತಿದ್ದರು. ಒಂದು ಸೊನ್ನೆ ಸೇರಿಸುವ ಕಳ್ಳ ಅರ್ಧವನ್ನೂ ತಿದ್ದಬೇಕು. ತಿದ್ದಿದರೆ ಗೀಚು ಕಾಣುತ್ತದೆ. ಮೂಲ ಹುಂಡಿ ಕಳೆದುಹೋದರೆ ‘ಪೇಠ್’ ಎಂಬ ಎರಡನೆಯ ಪ್ರತಿ, ಅದೂ ಕಳೆದರೆ ‘ಪರ್‌ಪೇಠ್’ ಎಂಬ ಮೂರನೆಯ ಪ್ರತಿ. ಹಣ ಕೊಟ್ಟು ಮುಗಿದ ಹುಂಡಿಗೆ ‘ಖೋಖಾ’ ಎಂದು ಹೆಸರು. ಸಂದೇಶವನ್ನು ಎರಡು ಬಗೆಯಲ್ಲಿ ಹೇಳಿ ಒಂದರಿಂದ ಇನ್ನೊಂದನ್ನು ಪರೀಕ್ಷಿಸುವ ಈ ಉಪಾಯ ಇಂದಿನ ಗಣಕಯಂತ್ರಗಳಲ್ಲಿಯೂ ಬೇರೆ ವೇಷದಲ್ಲಿ ನಡೆದಿದೆ. ಬ್ರಿಟಿಷರು 1881ರಲ್ಲಿ ಚೆಕ್ಕು, ಪ್ರಾಮಿಸರಿ ನೋಟುಗಳಿಗೆ ಶಾಸನ ಮಾಡಿದಾಗಲೂ ದೇಶಭಾಷೆಗಳಲ್ಲಿ ಬರೆದ ಪತ್ರಗಳ ಸ್ಥಳೀಯ ರೂಢಿಗೆ ಈ ಶಾಸನದಿಂದ ಬಾಧೆಯಿಲ್ಲವೆಂದು ಮೊದಲ ಕಲಮಿನಲ್ಲಿಯೇ ಹೇಳಬೇಕಾಯಿತು. ಪೇಟೆಯ ರೂಢಿಗೆ ಅಷ್ಟು ಬಲವಿತ್ತು.

ಕಾಸಿನ ಕಾರ್ಡು, ತಂತಿಯ ಮಾತು

1879ರಲ್ಲಿ ಕಾಲಾಣೆಯ ಅಂಚೆ ಕಾರ್ಡು ಬಂತು. ಮರುವರ್ಷ ಅಂಚೆಯ ಮನಿಯಾರ್ಡರು. ಮೈಸೂರು ಸಂಸ್ಥಾನದ ಸ್ವಂತ ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಯಿತು. ಅದೇ ದಶಕದಲ್ಲಿ ಬೆಂಗಳೂರಿನಿಂದ ತುಮಕೂರಿಗೂ, ಅಲ್ಲಿಂದ ತಿಪಟೂರು, ಅರಸೀಕೆರೆಗಳ ಕಡೆಗೂ ರೈಲು ಹಾದಿ ಬೆಳೆಯಿತು. ಕೊಬ್ಬರಿ ದೂರದ ಪೇಟೆಗಳಿಗೆ ಹೋಗುವುದು ಸುಲಭವಾಯಿತು. ದೀಪಾವಳಿಗೂ ಮದುವೆಗಳಿಗೂ ಉಂಡೆ ಕೊಬ್ಬರಿ ಬೇಕೆನ್ನುವ ಉತ್ತರ ಹಿಂದೂಸ್ಥಾನಕ್ಕೂ, ಒಂದು ಮಳೆ ತಪ್ಪಿದರೆ ನೆಲ ನೋಡುವ ನಮ್ಮ ಬಯಲುಸೀಮೆಯ ತೋಟಕ್ಕೂ ನಡುವೆ ಕಾಗದಗಳು ಓಡಾಡತೊಡಗಿದವು.

ಕಾಗದಕ್ಕಿಂತ ವೇಗವಾದದ್ದು ತಂತಿ. ಭಾರತದಲ್ಲಿ ತಂತಿ 1855ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ತಂತಿಯಲ್ಲಿ ಪದಕ್ಕಿಷ್ಟು ಎಂದು ಹಣ ತೆರಬೇಕು. ಆದುದರಿಂದ ವರ್ತಕರು ಉದ್ದದ ವಾಕ್ಯವನ್ನು ಒಂದೇ ಪದದಲ್ಲಿ ಅಡಗಿಸುವ ಸಂಕೇತಗಳನ್ನು ಮಾಡಿಕೊಂಡರು. ಅಂಗಡಿಯ ಚೀಟಿಯ ತಲೆಯ ಮೇಲೆ ‘ತಂತಿ ವಿಳಾಸ’ ಅಚ್ಚಾಗಿರುವುದು ಪ್ರತಿಷ್ಠೆಯ ಗುರುತಾಯಿತು. ಬ್ಯಾಂಕುಗಳು ತಂತಿಯ ಮೂಲಕ ಹಣ ಕಳಿಸುವಾಗ ಸಂದೇಶದೊಳಗೆ ತಮಗೆ ಮಾತ್ರ ಗೊತ್ತಿರುವ ಗುಪ್ತ ಸಂಖ್ಯೆಯೊಂದನ್ನು ಸೇರಿಸಿದವು. ಹುಂಡಿಯ ‘ಅರ್ಧದ ಎರಡರಷ್ಟು’ ಮಾಡುತ್ತಿದ್ದ ಕೆಲಸವೇ ಇದು.

ಸುದ್ದಿ ವೇಗವಾದ ಕೂಡಲೆ ಸುದ್ದಿಯ ಕಳ್ಳರೂ ಚುರುಕಾಗುತ್ತಾರೆ. ವಿದ್ಯುತ್ ತಂತಿ ಬರುವುದಕ್ಕೂ ಮೊದಲು ಫ್ರಾನ್ಸಿನಲ್ಲಿ ಗೋಪುರಗಳ ಮೇಲೆ ಮರದ ಕೈಗಳನ್ನಾಡಿಸಿ ಸರ್ಕಾರಿ ಸುದ್ದಿ ಕಳಿಸುವ ಏರ್ಪಾಡಿತ್ತು. 1834ರಿಂದ 1836ರವರೆಗೆ ಬೋರ್ಡೋ ಪಟ್ಟಣದ ಬ್ಲಾಂಕ್ ಸಹೋದರರು ತೂರ್ ಎಂಬ ಊರಿನ ತಂತಿ ನೌಕರನಿಗೆ ಲಂಚ ಕೊಟ್ಟು, ಸರ್ಕಾರಿ ಸಂದೇಶದೊಳಗೆ ಬೇಕೆಂದೇ ಒಂದು ತಪ್ಪು ಸೇರಿಸಿ, ಪ್ಯಾರಿಸ್ ಪೇಟೆಯ ಏರಿಳಿತವನ್ನು ಬೇರೆಯವರಿಗಿಂತ ಮೊದಲು ತಿಳಿದು ಲಾಭ ಮಾಡಿಕೊಂಡರು. ಯಂತ್ರ ಕೆಟ್ಟಿರಲಿಲ್ಲ, ಯಂತ್ರದ ಪಕ್ಕದಲ್ಲಿ ಕುಳಿತವನು ಕೆಟ್ಟಿದ್ದ.

ಆಮೇಲೆ ಟೆಲಿಫೋನು. ಟ್ರಂಕ್ ಕಾಲ್ ಕಾದಿರಿಸಿ ಗಂಟೆಗಟ್ಟಲೆ ಕೂರುವುದು ವರ್ತಕನ ದಿನಚರಿಯಾಯಿತು. ಚಂದಾದಾರನೇ ನೇರವಾಗಿ ದೂರದೂರಿಗೆ ಕರೆ ಮಾಡುವ ಸೌಕರ್ಯ ದೇಶದಲ್ಲಿ ಮೊದಲಿಗೆ 1960ರಲ್ಲಿ ಲಕ್ನೋ–ಕಾನ್ಪುರಗಳ ನಡುವೆ ಬಂತು. ತಂತಿ 2013ರ ಜುಲೈನಲ್ಲಿ ಕಣ್ಣು ಮುಚ್ಚಿತು.

ಬಟ್ಟೆಯ ಕೆಳಗಿನ ಬೆರಳು

ಮಾರುಕಟ್ಟೆಯೊಳಗಿನ ಸುದ್ದಿಗೂ ಇಂಥದೇ ಚರಿತ್ರೆಯುಂಟು. 1928ರಲ್ಲಿ ರಾಯಲ್ ಕೃಷಿ ಆಯೋಗ ವರದಿ ಕೊಟ್ಟ ಕಾಲಕ್ಕೆ ದೇಶದ ಹಲವು ಮಾರುಕಟ್ಟೆಗಳಲ್ಲಿ ದಲ್ಲಾಳಿಯೂ ಕೊಳ್ಳುವವನೂ ಬಟ್ಟೆಯ ಕೆಳಗೆ ಬೆರಳು ಹಿಡಿದು ಬೆಲೆ ಗೊತ್ತುಮಾಡುತ್ತಿದ್ದರು. ಬೆಳೆದವನು ಎದುರಿಗೇ ನಿಂತಿರುತ್ತಿದ್ದ. ಅವನಿಗೆ ಮಾತ್ರ ಸುದ್ದಿ ಇರುತ್ತಿರಲಿಲ್ಲ. ಮೈಸೂರು ಸಂಸ್ಥಾನದಲ್ಲಿ 1939ರಲ್ಲಿ ಮಾರುಕಟ್ಟೆ ಶಾಸನವಾಯಿತು. ಏಕೀಕರಣದ ನಂತರ 1966ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಶಾಸನವಾಯಿತು. ಬೆರಳಿನ ಜಾಗಕ್ಕೆ ಟೆಂಡರ್ ಚೀಟಿ ಬಂತು. 2014ರಲ್ಲಿ ರಾಜ್ಯದ ಏಕೀಕೃತ ಮಾರುಕಟ್ಟೆ ವ್ಯವಸ್ಥೆ ಆರಂಭವಾದ ಮೇಲೆ ಚೀಟಿಯ ಜಾಗಕ್ಕೆ ಗಣಕಯಂತ್ರ ಬಂತು. ಒಪ್ಪಿದ ಬೆಲೆ ರೈತನ ಫೋನಿಗೆ ಸಂದೇಶವಾಗಿ ಬರತೊಡಗಿತು. ಬಟ್ಟೆಯ ಕೆಳಗೆ ಅಡಗಿದ್ದ ಸುದ್ದಿ ಬೆಳೆದವನ ಜೇಬಿಗೆ ಬರಲು ಇಷ್ಟು ವರ್ಷ ಬೇಕಾಯಿತು.

ಹಣದ ಓಡಾಟವೂ ಹೀಗೆಯೇ ಹಗುರವಾಯಿತು. ಬ್ಯಾಂಕುಗಳ ನಡುವಣ ದೊಡ್ಡ ಪಾವತಿಗೆ 2004ರಲ್ಲಿ ಆರ್‌ಟಿಜಿಎಸ್, 2005ರಲ್ಲಿ ನೆಫ್ಟ್, 2016ರಲ್ಲಿ ಯುಪಿಐ. 2020ರ ಡಿಸೆಂಬರಿನಿಂದ ಆರ್‌ಟಿಜಿಎಸ್ ಹಗಲು ರಾತ್ರಿ ನಡೆಯುತ್ತದೆ. ಹಣದ ಸುದ್ದಿ ಅಮಾವಾಸ್ಯೆಯ ನಡುರಾತ್ರಿಯಲ್ಲಿಯೂ ಬರಬಹುದು.

ಇದರ ಪರಿಣಾಮವನ್ನು ಒಂದು ಲಾರಿ ಕೊಬ್ಬರಿಯ ಲೆಕ್ಕದಲ್ಲಿ ನೋಡೋಣ. 2025ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ. ಅದೇ ವರ್ಷ ಪೇಟೆಯ ಧಾರಣೆ ಅದರ ಎರಡರಷ್ಟನ್ನೂ ಮೀರಿತು. ಕ್ವಿಂಟಲಿಗೆ 25,000 ಎಂದು ಹಿಡಿದರೂ ನೂರು ಕ್ವಿಂಟಲಿನ ಲಾರಿಯೊಂದರಲ್ಲಿ 25 ಲಕ್ಷ ರೂಪಾಯಿ ಹೊರಡುತ್ತದೆ. ವಾರಕ್ಕೊಂದು ಲಾರಿ ಕಳಿಸುವ ಮಂಡಿಯ ವಹಿವಾಟು ವರ್ಷಕ್ಕೆ 13 ಕೋಟಿ. ಕೊಬ್ಬರಿ ಪುಡಿಯ ಕಾರ್ಖಾನೆಗಳದ್ದು ಇನ್ನೂ ದೊಡ್ಡ ಲೆಕ್ಕ. ಆ ಒಂದು ಲಾರಿಯ ಹಿಂದೆ ಎಷ್ಟು ಸಂದೇಶಗಳು! ದೂರದ ವ್ಯಾಪಾರಿಯ ವಾಟ್ಸಾಪ್ ಬೇಡಿಕೆ, ಮಾರುಕಟ್ಟೆಯ ಧಾರಣೆ, ಜಿಎಸ್‌ಟಿ ಬಿಲ್ಲು, ಇ-ವೇ ಬಿಲ್ಲು, ಲಾರಿಯವನ ರಸೀತಿ, ಬ್ಯಾಂಕಿನ ಜಮಾ ಸಂದೇಶ, ಹತ್ತಾರು ರೈತರಿಗೆ ಹೋದ ಪಾವತಿಗಳು, ಹಮಾಲಿ, ಮುಂಗಡ. ಕೊನೆಗೆ ಬರುವುದು 25 ಲಕ್ಷವಲ್ಲ, 24,86,400. ಉಳಿದ 13,600 ಎಲ್ಲಿ? ತೂಕದ ಕೊರತೆಯೇ, ಬಾಡಿಗೆಯ ಮುರಿತವೇ, ಹಿಂದಿನ ಬಿಲ್ಲಿನ ಬಾಕಿಯೇ? ಹಿಂದೆ ಗುಮಾಸ್ತ ಸಂಜೆ ಕಿರ್ದಿ ಪುಸ್ತಕದ ಮುಂದೆ ಕುಳಿತು ಇದನ್ನು ಬಿಡಿಸುತ್ತಿದ್ದ. ಈಗ ಸಂದೇಶಗಳು ಐದು ಫೋನುಗಳಲ್ಲಿ ಚೆಲ್ಲಿಕೊಂಡಿವೆ.

ಓದುವ ಯಂತ್ರ

ಲೆಕ್ಕಕ್ಕೆ ಯಂತ್ರವನ್ನು ಪಳಗಿಸುವುದರಲ್ಲಿ ನಮ್ಮ ರಾಜಧಾನಿಯ ಪಾಲು ದೊಡ್ಡದು. ಗಿರಣಿಗಳಿಗೆ ಸಾಮಾನು ಒದಗಿಸುತ್ತಿದ್ದ ಶ್ಯಾಮಸುಂದರ ಗೋಯೆಂಕಾ ತಮ್ಮ ವ್ಯಾಪಾರಕ್ಕೆ ಒಗ್ಗುವ ಲೆಕ್ಕದ ತಂತ್ರಾಂಶ ಸಿಗದೆ ಮಗ ಭರತ್ ಗೋಯೆಂಕಾ ಅವರಿಂದ ಬರೆಯಿಸಿದರು; 1986ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಆ ಸಂಸ್ಥೆಯೇ ಮುಂದೆ ‘ಟ್ಯಾಲಿ’ ಎಂದು ಮನೆಮಾತಾಯಿತು. ಟ್ಯಾಲಿ ಇಂಗ್ಲಿಷಿನ ಮಾತು, ತಾಳೆ ಕನ್ನಡದ್ದು. ಆದರೂ ಗುಮಾಸ್ತನ ಬಾಯಲ್ಲಿ ಎರಡೂ ಒಂದೇ ಕೆಲಸ ಮಾಡುತ್ತವೆ. ಆದರೆ ಅಂದಿನ ತಂತ್ರಾಂಶ ತಾನಾಗಿ ಓದುತ್ತಿರಲಿಲ್ಲ. ಮನುಷ್ಯ ಬರೆದುಕೊಟ್ಟದ್ದನ್ನು ಕೂಡಿಸುತ್ತಿತ್ತು.

ಓದುವ ಯಂತ್ರ ಬೇರೆ ದಾರಿಯಲ್ಲಿ ಬಂತು. 1992ರಲ್ಲಿ ಅಮೆರಿಕದಲ್ಲಿ ‘ಫಾಲ್ಕನ್’ ಎಂಬ ವ್ಯವಸ್ಥೆ ಕ್ರೆಡಿಟ್ ಕಾರ್ಡಿನ ಪ್ರತಿಯೊಂದು ಖರ್ಚನ್ನೂ ಆ ಗಿರಾಕಿಯ ಹಿಂದಿನ ರೂಢಿಯೊಡನೆ ಹೋಲಿಸಿ, ವಿಚಿತ್ರ ಕಂಡರೆ ಎಚ್ಚರಿಸತೊಡಗಿತು. ಇಂದಿನ ಯಂತ್ರಬುದ್ಧಿ ಇದಕ್ಕಿಂತ ಮುಂದೆ ಹೋಗಿ ಮಾತನ್ನೇ ಓದುತ್ತದೆ. ಬ್ಯಾಂಕಿನ ಸಂದೇಶದಿಂದ ಮೊಬಲಗು, ತಾರೀಖು, ವ್ಯವಹಾರದ ಸಂಖ್ಯೆ ಹೆಕ್ಕುತ್ತದೆ. ಬಾಕಿ ಬಿಲ್ಲುಗಳ ಮೇಲೆ ಕಣ್ಣಾಡಿಸುತ್ತದೆ. ಈ ವ್ಯಾಪಾರಿ ಪ್ರತಿ ಸಲವೂ ಇಷ್ಟು ಮುರಿದುಕೊಳ್ಳುತ್ತಾನೆಂಬುದನ್ನು ಹಳೆಯ ಲೆಕ್ಕದಿಂದ ಕಲಿತು, ‘13,600 ತೂಕದ ಕೊರತೆ ಇರಬಹುದು’ ಎಂದು ಊಹೆ ಹೇಳುತ್ತದೆ. ತಾಳೆಯಾಗದ್ದನ್ನು ಪ್ರತ್ಯೇಕವಾಗಿ ಎತ್ತಿಡುತ್ತದೆ. ರಿಸರ್ವ್ ಬ್ಯಾಂಕಿನ ಬೆಂಗಳೂರಿನ ನಾವೀನ್ಯ ಕೇಂದ್ರ ರೂಪಿಸಿದ ‘ಮ್ಯೂಲ್‌ಹಂಟರ್’ 2024ರ ಡಿಸೆಂಬರಿನಲ್ಲಿ ಸಾರ್ವಜನಿಕರಿಗೆ ಗೊತ್ತಾಯಿತು. ಕಳ್ಳಹಣ ದಾಟಿಸುವುದಕ್ಕೆ ಬಾಡಿಗೆಗೆ ಕೊಟ್ಟ ಖಾತೆಗಳನ್ನು ಹುಡುಕುವುದು ಅದರ ಕೆಲಸ.

ಇಂಥ ಕಾವಲು ಬೇಕೇ ಎನ್ನುವವರಿಗೆ ಎರಡು ಉದಾಹರಣೆ ಸಾಕು. 1973ರಲ್ಲಿ 15 ದೇಶಗಳ 239 ಬ್ಯಾಂಕುಗಳು ಸೇರಿ ಬೆಲ್ಜಿಯಮ್ಮಿನಲ್ಲಿ ‘ಸ್ವಿಫ್ಟ್’ ಎಂಬ ಸಂಸ್ಥೆ ಕಟ್ಟಿದವು. ಅದು ಹಣ ಸಾಗಿಸುವುದಿಲ್ಲ, ಹಣದ ಸಂದೇಶವನ್ನು ಮಾತ್ರ ಸಾಗಿಸುತ್ತದೆ. 2016ರ ಫೆಬ್ರವರಿಯಲ್ಲಿ ಕಳ್ಳರು ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ ಹೆಸರಿನಲ್ಲಿ ನ್ಯೂಯಾರ್ಕಿಗೆ ಸುಮಾರು 95 ಕೋಟಿ ಡಾಲರಿನ ಆಜ್ಞೆಗಳನ್ನು ಕಳಿಸಿದರು. ಸಂದೇಶಗಳನ್ನು ಅಚ್ಚುಹಾಕಬೇಕಾಗಿದ್ದ ಮುದ್ರಣಯಂತ್ರ ಮೂಕವಾಗಿತ್ತು. ಶ್ರೀಲಂಕಾಕ್ಕೆ ಹೊರಟ 2 ಕೋಟಿ ಡಾಲರನ್ನು ಉಳಿಸಿದ್ದು ‘ಫೌಂಡೇಶನ್’ ಎಂಬ ಪದದ ಕಾಗುಣಿತದ ತಪ್ಪು; ನಡುವಿನ ಬ್ಯಾಂಕು ಅದನ್ನು ಕಂಡು ವಿಚಾರಿಸಿತು. ಫಿಲಿಪ್ಪೀನ್ಸಿಗೆ 8.1 ಕೋಟಿ ಡಾಲರ್ ಹೋಗಿಯೇ ಹೋಯಿತು. ಎರಡನೆಯದು ನಮ್ಮದೇ. 2018ರ ಫೆಬ್ರವರಿಯಲ್ಲಿ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಮುಂಬಯಿ ಶಾಖೆಯೊಂದರಿಂದ ವರ್ಷಗಟ್ಟಲೆ ಹೊರದೇಶದಲ್ಲಿದ್ದ ಬ್ಯಾಂಕ್ ಶಾಖೆಗಳಿಗೆ ಸ್ವಿಫ್ಟ್ ಮೂಲಕ ಜಾಮೀನಿನ ಸಂದೇಶಗಳು ಹೋಗಿದ್ದು ಬಯಲಾಯಿತು. ಬ್ಯಾಂಕಿನ ಲೆಕ್ಕದ ಪುಸ್ತಕದಲ್ಲಿ ಅವಕ್ಕೆ ಜಮಾ-ಖರ್ಚೇ ಇರಲಿಲ್ಲ. ಮೊದಲು ಹೇಳಿದ ಮೊತ್ತವೇ ಸುಮಾರು 11,400 ಕೋಟಿ ರೂಪಾಯಿ. ಸಂದೇಶವೊಂದು ದಾರಿ, ಪುಸ್ತಕವೊಂದು ದಾರಿ. ಎರಡನ್ನೂ ಕೂಡಿಸಿ ಓದುವವನು ಇರಲಿಲ್ಲ. ಮಂಡಿಯಲ್ಲಿ ಸುಳ್ಳು ಪಾವತಿಯ ಚಿತ್ರ ತೋರಿಸಿ ಸರಕೆತ್ತಿಕೊಂಡು ಹೋಗುವ ಮೋಸ ಇದೇ ರೋಗದ ಸಣ್ಣ ರೂಪ.

ಯಂತ್ರಕ್ಕೆ ಗೊತ್ತಿಲ್ಲದ್ದು

ಹಾಗೆಂದು ಯಂತ್ರಬುದ್ಧಿಗೆ ಬೀಗದ ಕೈ ಕೊಟ್ಟು ಮಲಗಬಹುದೇ? ಮಂಡಿಯಲ್ಲಿ ‘ಹನ್ನೆರಡೂವರೆ’ ಎಂದರೆ 12,500 ಎಂಬುದು ಹುಡುಗನಿಗೂ ಗೊತ್ತು; ಹೊರಗಿನಿಂದ ಬಂದ ಯಂತ್ರ ಅದನ್ನು ಹನ್ನೆರಡು ರೂಪಾಯಿ ಐವತ್ತು ಪೈಸೆ ಎಂದು ಓದಬಹುದು. ಒಂದೇ ಊರಿನಲ್ಲಿ ನಾಲ್ವರು ಶಿವಣ್ಣಂದಿರು ಇರುತ್ತಾರೆ. ಅಪ್ಪನ ಕೊಬ್ಬರಿಯ ಹಣ ಮಗನ ಖಾತೆಗೂ, ಅತ್ತೆಯ ತೋಟದ ಹಣ ಸೊಸೆಯ ಖಾತೆಗೂ ಹೋಗುವುದುಂಟು. ಗುಮಾಸ್ತನಿಗೆ ಇದು ಸಂಸಾರ, ಯಂತ್ರಕ್ಕೆ ಸಂಶಯ.

ಈ ಸಂಶಯಕ್ಕೆ ಅಧಿಕಾರದ ಮೊಹರು ಬಿದ್ದರೆ ಏನಾಗುವುದೆಂಬುದನ್ನು 2025ರ ಜುಲೈನಲ್ಲಿ ನಮ್ಮ ರಾಜ್ಯವೇ ಕಂಡಿತು. ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವರ್ತಕರ ಯುಪಿಐ ಜಮಾಗಳನ್ನು ಒಟ್ಟುಗೂಡಿಸಿ, ವರ್ಷಕ್ಕೆ 40 ಲಕ್ಷದ ಮಿತಿ ದಾಟಿದವರಿಗೆ ನೋಟೀಸು ಕೊಟ್ಟಿತು. ಅವರಲ್ಲಿ ತರಕಾರಿ, ಹಾಲು ಮಾರುವವರೂ ಇದ್ದರು; ತೆರಿಗೆಯೇ ಇಲ್ಲದ ಸರಕು ಅವರದು. ಮನೆಯವರ ಸಾಲ, ನೆಂಟರ ಕೈಗಡ ಎಲ್ಲ ಸೇರಿಹೋಗಿದೆಯೆಂದು ಹಲವರು ದೂರಿದರು. ಬೆಂಗಳೂರಿನ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ಅಂಟಿಕೊಂಡವು. ಸರ್ಕಾರ ಸಮಾಧಾನ ಹೇಳಬೇಕಾಯಿತು. ಇಲಾಖೆಗೆ ತೆರಿಗೆ ಕೇಳುವ ಹಕ್ಕುಂಟು, ಮಿತಿ ದಾಟಿದವರು ನೋಂದಾಯಿಸಿಕೊಳ್ಳಬೇಕಾದದ್ದೂ ಸರಿ. ಆದರೆ ಜಮಾ ಸಂದೇಶಗಳ ಮೊತ್ತವೇ ವ್ಯಾಪಾರವಲ್ಲ, ವ್ಯಾಪಾರವೇ ಲಾಭವಲ್ಲ. ಅದನ್ನು ತಿಳಿಯಲು ಮನುಷ್ಯನನ್ನು ಕೇಳಬೇಕು.

ಇನ್ನೊಂದು ಪ್ರಶ್ನೆಯೂ ಉಂಟು: ಸುದ್ದಿ ಯಾರದು? ಮಂಡಿಯ ಯಂತ್ರ ಓದುವುದು ಮಂಡಿಯವನ ಸಂದೇಶಗಳನ್ನಷ್ಟೇ ಅಲ್ಲ. ಅವುಗಳೊಳಗೆ ರೈತನ ಮುಂಗಡ, ಅವನ ಮಗಳ ಮದುವೆಯ ಸಾಲ, ಅವನ ಅವಸರ ಎಲ್ಲ ಇವೆ. ಯಾರಿಗೆ ಹಣದ ತುರ್ತು ಇದೆಯೆಂದು ಬಲ್ಲವನು ಬೆಲೆ ಇಳಿಸಬಲ್ಲ. ಬಟ್ಟೆಯ ಕೆಳಗಿನ ಬೆರಳು ಬೇರೆ ರೂಪದಲ್ಲಿ ಹಿಂದಿರುಗಬಾರದಲ್ಲ! ಇದೇ ಸುದ್ದಿಯಿಂದ ಉಪಕಾರವೂ ಸಾಧ್ಯ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಪತ್ತಿನ ಸಹಕಾರ ಸಂಘ ಕಟ್ಟಿದಾಗ ಸದಸ್ಯನ ಯೋಗ್ಯತೆಗೆ ನೆರೆಹೊರೆಯೇ ಸಾಕ್ಷಿಯಾಗಿತ್ತು. 2021ರಲ್ಲಿ ಆರಂಭವಾದ ‘ಅಕೌಂಟ್ ಅಗ್ರಿಗೇಟರ್’ ಏರ್ಪಾಡಿನಲ್ಲಿ ಖಾತೆದಾರ ಒಪ್ಪಿದರೆ ಅವನ ಖಾತೆಯ ವಿವರವೇ ಸಾಲಕ್ಕೆ ಸಾಕ್ಷಿಯಾಗಬಲ್ಲದು. ಒತ್ತಬೇಕಾದದ್ದು ‘ಒಪ್ಪಿದರೆ’ ಎಂಬ ಮಾತನ್ನು. ಒಪ್ಪಿಗೆಯ ಪತ್ರ ಅವನಿಗೆ ತಿಳಿಯುವ ಕನ್ನಡದಲ್ಲಿರಬೇಕು.

ಕಡತದಿಂದ ಯಂತ್ರಬುದ್ಧಿಯವರೆಗಿನ ಈ ದಾರಿಯಲ್ಲಿ ದೂತರು ಬದಲಾದರು, ವೇಗ ಬದಲಾಯಿತು. ಎಲ್ಲ ಕಾಲದಲ್ಲಿಯೂ ವ್ಯಾಪಾರ ನಿಂತದ್ದು ಸುದ್ದಿಗೆ ಹೊಣೆಯಾಗುವ ಒಬ್ಬ ಮನುಷ್ಯನ ಮೇಲೆ. ಹುಂಡಿಯ ಕೆಳಗೆ ಒಂದು ಹೆಸರಿತ್ತು, ಕಿರ್ದಿಯ ಕೆಳಗೆ ಗುಮಾಸ್ತನ ರುಜು ಇತ್ತು. ಯಂತ್ರ ತಾಳೆ ಹಾಕಲಿ, ತಪ್ಪು ಹುಡುಕಲಿ, ಗುಮಾಸ್ತನ ಕಣ್ಣಿಗೆ ಬಿಡುವು ಕೊಡಲಿ. ಆದರೆ ದಿನದ ಕೊನೆಗೆ ಅದು ಬರೆದ ಲೆಕ್ಕವನ್ನು ಒಬ್ಬರು ಓದಿ ‘ಸರಿ’ ಎಂದು ರುಜು ಹಾಕಬೇಕು. ತಪ್ಪಾದರೆ ಅವರ ಹೆಸರು ಹಿಡಿದು ಕೇಳುವಂತಿರಬೇಕು. ಏಕೆಂದರೆ ಒಂದು ದಿನ ಗೌಡರ ಜೇಬಿನಲ್ಲಿ ಸದ್ದಾಗದೆ ಹೋಗಬಹುದು. ಆಗ ಅವರು ಬಸ್ಸು ಹಿಡಿದು ಬರುವುದು ಮಂಡಿಗೆ. ಬೆಂಚಿನ ಮೇಲೆ ಕುಳಿತು, ಟವೆಲ್ಲಿನಿಂದ ಮುಖ ಒರೆಸಿಕೊಂಡು, “ಏನಪ್ಪಾ, ನಮ್ಮ ದುಡ್ಡು ಏನಾಯ್ತು?” ಎಂದು ಕೇಳಿದಾಗ ಎದುರಿಗೆ ಒಬ್ಬ ಮನುಷ್ಯ ಕುಳಿತಿರಬೇಕು.